ಅನುಮಾನ ಪ್ರಮಾಣ

ಕನ್ನಡದ ಅಧ್ಯಾಪಕನಿಗೆ ಊರಿನಲ್ಲಿ ಬರುವ ಕೆಲಸಗಳು ವಿಚಿತ್ರವಾದವು. ಮದುವೆಯ ಕರೆಯೋಲೆ ತಿದ್ದಿಕೊಡಬೇಕು. ನಿವೃತ್ತರಾಗುವವರಿಗೆ ಬಿನ್ನವತ್ತಳೆ ಬರೆದುಕೊಡಬೇಕು. ತೊಟ್ಟಿಲ ಕೂಸಿಗೆ ಇಂಥ ಅಕ್ಷರದಿಂದಲೇ ಆರಂಭವಾಗುವ ಹೆಸರು ಹುಡುಕಿಕೊಡಬೇಕು. ಇವನ್ನೆಲ್ಲ ನಾನು ವಿಜಯಪುರದಲ್ಲಿ ಹಲವು ವರ್ಷಗಳಿಂದ ಬೇಸರವಿಲ್ಲದೆ ಮಾಡಿಕೊಂಡು ಬಂದಿದ್ದೇನೆ. ಆದರೆ ಹೋದ ಚಳಿಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಂದ ಕೆಲಸ ಮಾತ್ರ ನನ್ನನ್ನು ಇನ್ನೂ ಬಿಟ್ಟಿಲ್ಲ.

ಹುಡುಗ ತಿಕೋಟಾದ ಹತ್ತಿರದ ಹಳ್ಳಿಯವನು. ಮನೆಯಲ್ಲಿ ಎರಡು ಎಕರೆ ದ್ರಾಕ್ಷಿ. ಕಾಯಿ ಬಲಿಯುವ ಹೊತ್ತಿಗೆ ಅಕಾಲದ ಮಳೆ ಬಂದು ತೋಟ ಕೆಟ್ಟಿತ್ತು. ಬಿ.ಎಡ್. ಫೀಸು ಕಟ್ಟಬೇಕು, ಸಾಲ ಹುಟ್ಟುತ್ತಿಲ್ಲ. ಬೆಂಗಳೂರಿನಲ್ಲಿ ಔಷಧಗಳನ್ನು ಪರೀಕ್ಷಿಸುವ ಒಂದು ಸಂಸ್ಥೆಯವರು ಆರೋಗ್ಯವಂತ ಯುವಕರಿಗೆ ಔಷಧ ನುಂಗಿಸಿ, ಗಂಟೆಗಂಟೆಗೆ ರಕ್ತ ತೆಗೆದು, ಅದಕ್ಕೆ ಹಣ ಕೊಡುತ್ತಾರೆಂದು ಗೆಳೆಯನಾರೋ ಹೇಳಿದ್ದನಂತೆ. ಔಷಧವೂ ಹೊಸತಲ್ಲ, ಮಲೇರಿಯಕ್ಕೆ ಬಹುಕಾಲದಿಂದ ಕೊಡುತ್ತ ಬಂದದ್ದರ ಹೊಸ ತಯಾರಿಕೆ. ಹಳೆಯ ಗುಳಿಗೆಯೂ ಹೊಸ ಗುಳಿಗೆಯೂ ದೇಹದಲ್ಲಿ ಒಂದೇ ತೆರನಾಗಿ ನಡೆದುಕೊಳ್ಳುತ್ತವೆಯೋ ಇಲ್ಲವೋ ಎಂದು ನೋಡಬೇಕಾಗಿತ್ತು. ಅವನ ಕೈಯಲ್ಲಿ ಆರು ಪುಟಗಳ ಒಂದು ಸಮ್ಮತಿಪತ್ರ.

“ಸರ, ಇದು ಕನ್ನಡಾನ ಖರೆ. ಆದ್ರ ನನಗ ತಿಳಿವಲ್ದು. ಒಂದೀಟು ನೋಡ್ರಿ” ಎಂದ.

ನೋಡಿದೆ. ಸಮ್ಮತಿಪತ್ರ ಭಾಗವಹಿಸುವವನಿಗೆ ತಿಳಿಯುವ ಭಾಷೆಯಲ್ಲಿರಬೇಕೆಂದು ನಮ್ಮ ದೇಶದ 2019ರ ಔಷಧ ಪ್ರಯೋಗ ನಿಯಮಗಳು ವಿಧಿಸುತ್ತವೆ. ಆ ವಿಧಿಯನ್ನು ಯಾರೋ ಅಕ್ಷರಶಃ ಪಾಲಿಸಿದ್ದರು. ಅಕ್ಷರಗಳು ಕನ್ನಡದವು. “ವಾಕರಿಕೆ, ತಲೆಸುತ್ತು ಇತ್ಯಾದಿಗಳನ್ನು ನಿರೀಕ್ಷಿಸಲಾಗಿದೆ” ಎಂದಿತ್ತು, ಅಳಿಯ ದೀಪಾವಳಿಗೆ ಬರುವುದನ್ನು ಮಾವನ ಮನೆಯವರು ನಿರೀಕ್ಷಿಸುವ ಹಾಗೆ. “ಸದರಿ ಔಷಧವು ದೇಹದಿಂದ ಸಂಪೂರ್ಣವಾಗಿ ನಿರ್ಗಮಿಸುವುದೆಂದು ಭಾವಿಸಲಾಗಿದೆ” ಎಂದು ಇನ್ನೊಂದು ಕಡೆ. ನಾನು ನಕ್ಕೆ. ಹುಡುಗ ನಗಲಿಲ್ಲ. ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದ: “ಭಾವಿಸಲಾಗಿದೆ ಅಂದ್ರ, ಯಾರು ಭಾವಿಸ್ಯಾರ್ರಿ?”

ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಒಗ್ಗದ್ದು ಎಂದು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತೇನೆ. ಏಕೆ ಒಗ್ಗದು ಎಂಬುದನ್ನು ಇಷ್ಟು ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಲ್ಲಿ ಕ್ರಿಯೆಯಿದೆ, ಅದನ್ನು ಅನುಭವಿಸುವ ಮೈ ಇದೆ, ಕರ್ತೃ ಮಾತ್ರ ಕಾಣೆಯಾಗಿದ್ದಾನೆ.

‘ಭಾವಿಸಲಾಗಿದೆ’ಯ ಜಾಗದಲ್ಲಿ ಇರಬೇಕಾದ ಶಬ್ದ ಯಾವುದು? ಬಹಳ ಹೊತ್ತು ಯೋಚಿಸಿ ನನಗೆ ಸರಿಯೆಂದು ತೋರಿದ್ದು ‘ಅನುಮಾನ’. ಈ ಶಬ್ದದ ಹಣೆಬರಹವೇ ಸ್ವಾರಸ್ಯವಾದದ್ದು. ತರ್ಕಶಾಸ್ತ್ರದಲ್ಲಿ ಅನುಮಾನವೆಂದರೆ ಕಂಡದ್ದರಿಂದ ಕಾಣದ್ದನ್ನು ಅರಿಯುವ ದಾರಿ. ಪ್ರತ್ಯಕ್ಷದ ಮಗ್ಗುಲಲ್ಲೇ ಕೂರುವ ಪ್ರಮಾಣ. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯಿರುವುದನ್ನು ಅಡುಗೆಮನೆಯಲ್ಲಿ ನೋಡಿದ್ದೇವೆ. ಆದುದರಿಂದ ಬೆಟ್ಟದಲ್ಲಿ ಬೆಂಕಿಯಿದೆ. ನಮ್ಮ ಮನೆಮಾತಿನಲ್ಲಾದರೋ ಅನುಮಾನವೆಂದರೆ ಸಂಶಯ: “ನನಗ್ಯಾಕೋ ಅವನ ಮ್ಯಾಲ ಅನುಮಾನ.” ಪಂಡಿತನ ಬಾಯಲ್ಲಿ ನಿಶ್ಚಯದ ಕಡೆಗೆ ಏರುವ ಮೆಟ್ಟಿಲಾದದ್ದು ಪಾಮರನ ಬಾಯಲ್ಲಿ ಅಲ್ಲಿಂದ ಇಳಿಯುವ ಮೆಟ್ಟಿಲಾಗಿದೆ. ಇದು ಅಪಭ್ರಂಶವೆಂದು ನಾನು ಬಹುಕಾಲ ತಿಳಿದಿದ್ದೆ. ಈಗ, ಎರಡರ್ಥಗಳನ್ನೂ ಒಟ್ಟಿಗೆ ಇಟ್ಟುಕೊಂಡ ಭಾಷೆಯೇ ಜಾಣತನದ್ದೆಂದು ತೋರುತ್ತದೆ. ಜೊತೆಗೆ ‘ಪ್ರಮಾಣ’ವನ್ನು ನೋಡಿ: ಅರಿವಿನ ಸಾಧನವೂ ಅದೇ, ಔಷಧದ ಅಳತೆಯೂ ಅದೇ, ದೇವರ ಮುಂದೆ ಮಾಡುವ ಆಣೆಯೂ ಅದೇ.

ಹೊಸ ಔಷಧವೊಂದು ಮನುಷ್ಯನ ಬಾಯಿಗೆ ಬರುವ ಮೊದಲು ನಡೆಯುವುದೆಲ್ಲವೂ ಅನುಮಾನವೇ. ನುಂಗಿದ ಗುಳಿಗೆ ಕರುಳಿನಿಂದ ರಕ್ತಕ್ಕೆ ಇಳಿಯುತ್ತದೆ. ರಕ್ತದಿಂದ ಅವಯವಗಳಿಗೆ ಹಂಚಿಹೋಗುತ್ತದೆ. ಯಕೃತ್ತು ಅದನ್ನು ಒಡೆಯುತ್ತದೆ, ಮೂತ್ರಪಿಂಡ ಹೊರಗೆ ಹಾಕುತ್ತದೆ. ಎಷ್ಟು ಬೇಗ, ಎಷ್ಟೆಷ್ಟು, ಎಂಬುದೇ ಪ್ರಶ್ನೆ. ಮಲೇರಿಯದ ಮಟ್ಟಿಗೆ ಇದು ಜೀವನ್ಮರಣದ ಪ್ರಶ್ನೆ. ನಮ್ಮಲ್ಲಿ ಸಾಮಾನ್ಯವಾದ ಮಲೇರಿಯದ ಜೀವಿ ಸುಮಾರು ಎರಡು ದಿನಕ್ಕೊಮ್ಮೆ ಕೆಂಪು ರಕ್ತಕಣದೊಳಗೆ ತನ್ನ ಸಂತಾನವನ್ನು ಬೆಳೆಸಿ, ಕಣವನ್ನು ಒಡೆದುಕೊಂಡು ಹೊರಬೀಳುತ್ತದೆ. ಔಷಧ ಇಂಥ ಕೆಲವು ಸುತ್ತು ಮುಗಿಯುವತನಕ ರಕ್ತದಲ್ಲಿ ಕಾವಲು ನಿಲ್ಲಬೇಕು. ಬೇಗ ಹೊರಟುಹೋದರೆ ಅಳಿದುಳಿದವು ಮತ್ತೆ ಹೆಚ್ಚುತ್ತವೆ. ಸಾಲದಷ್ಟು ಬಲದಲ್ಲಿ ಬಹುದಿನ ಉಳಿದರೆ ಔಷಧಕ್ಕೆ ಜಗ್ಗದ ತಳಿ ಹುಟ್ಟುತ್ತದೆ. ಅತಿಯಾದರೆ ರೋಗಿಗೇ ವಿಷ.

ಮೊದಲು ಇಲಿ, ಹೆಗ್ಗಣ, ನಾಯಿಗಳಲ್ಲಿ ನೋಡುತ್ತಾರೆ. ಗಾಜಿನ ಬಟ್ಟಲಲ್ಲಿ ಮನುಷ್ಯನ ಯಕೃತ್ತಿನ ಕಣಗಳನ್ನಿಟ್ಟು ಔಷಧವನ್ನು ಅವು ಎಷ್ಟು ಹೊತ್ತಿಗೆ ಕರಗಿಸುತ್ತವೆಂದು ಅಳೆಯುತ್ತಾರೆ. ಇಲಿಯ ಮೈ ಚಿಕ್ಕದು, ಒಲೆ ಚುರುಕು. ತೂಕಕ್ಕೆ ತೂಕ ಹಿಡಿದರೆ ನಮಗಿಂತ ಎಷ್ಟೋ ಬೇಗ ಎಲ್ಲವನ್ನೂ ಅರಗಿಸಿಬಿಡುತ್ತದೆ. ಪ್ರಾಣಿಗಳ ಜಠರಾಗ್ನಿ ಅವುಗಳ ತೂಕದ ಹೆಚ್ಚುಕಡಿಮೆ ಮುಕ್ಕಾಲು ಘಾತಕ್ಕೆ ಅನುಗುಣವಾಗಿ ಏರುತ್ತದೆಂದು 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ತೋರಿಸಿದ. ಆ ಲೆಕ್ಕವನ್ನು ಇಂದಿಗೂ ಇಟ್ಟುಕೊಂಡು, ಮೇಲೆ ಗಣಕಯಂತ್ರದ ನೆರವಿನಿಂದ ನೂರು ತಿದ್ದುಪಡಿ ಮಾಡಿ, ಮನುಷ್ಯನಲ್ಲಿ ಹೀಗಾದೀತೆಂದು ಹೇಳುತ್ತಾರೆ. ಇಲಿ ಅಡುಗೆಮನೆ, ಮನುಷ್ಯ ಬೆಟ್ಟ.

ಬೆಟ್ಟ ಹಲವು ಸಲ ಅಡುಗೆಮನೆಯ ಮಾತು ಕೇಳಿಲ್ಲ. 2006ರ ಮಾರ್ಚಿಯಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯಲ್ಲಿ ಆರು ಮಂದಿ ಯುವಕರಿಗೆ ಹೊಸ ಔಷಧವೊಂದನ್ನು ಕೊಟ್ಟರು. ಅದು ಮಲೇರಿಯದ್ದಲ್ಲ, ಬೇರೆ ಜಾತಿಯದು. ಪ್ರಾಣಿಗಳಲ್ಲಿ ನಿರಪಾಯವೆಂದು ಕಂಡ ಅಳತೆಯ ಐನೂರರಲ್ಲಿ ಒಂದು ಪಾಲು ಮಾತ್ರ. ಕೆಲವೇ ಗಂಟೆಗಳಲ್ಲಿ ಆರೂ ಜನ ಸಾವಿನ ಬಾಗಿಲಿಗೆ ಹೋಗಿ, ಹೇಗೋ ಬದುಕಿ ಬಂದರು.

ಇದನ್ನು ಓದಿದಾಗ, ಮನುಷ್ಯರ ಮೇಲೆ ಈ ಪರೀಕ್ಷೆಗಳೇ ಬೇಡ ಎನ್ನಬೇಕೆನಿಸುವುದು ಸಹಜ. ನನಗೂ ಎನಿಸಿತ್ತು. ಆದರೆ ನನ್ನ ಮನೆಯದೇ ಒಂದು ಕತೆ ಅಡ್ಡ ಬರುತ್ತದೆ.

1987ರ ಸುಮಾರಿಗೆ, ಬಬಲೇಶ್ವರದ ಆಚೆಯ ನಮ್ಮ ಅಜ್ಜಿಯ ಊರಿನಲ್ಲಿ, ಅವ್ವನಿಗೆ ಚಳಿಜ್ವರ ಬಂತು. ಆಗ ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ತೆಗೆದುಕೊಂಡು, ಬಂದುಹೋದ ತಾರೀಖನ್ನು ಗೋಡೆಯ ಮೇಲೆ ಬರೆದುಹೋಗುತ್ತಿದ್ದರು. ಅವರು ಬರುವ ಮೊದಲೇ ಅಪ್ಪ ವಿಜಯಪುರದ ವೈದ್ಯರೊಬ್ಬರಲ್ಲಿಗೆ ಅವ್ವನನ್ನು ಕರೆದೊಯ್ದು ಕ್ಲೋರೋಕ್ವಿನ್ ಗುಳಿಗೆ ತಂದಿದ್ದ. ಮೊದಲು ನಾಲ್ಕು, ಆರು ಗಂಟೆ ಬಿಟ್ಟು ಎರಡು, ಮುಂದಿನ ಎರಡು ದಿನ ಎರಡೆರಡು. ಅಜ್ಜಿಗೆ ಈ ಲೆಕ್ಕ ಒಪ್ಪಿಗೆಯಾಗಲಿಲ್ಲ. “ಮೈಯಾಗ ಕಸು ಇಲ್ಲದ ಹೆಣ್ಣಿಗೆ ಮೊದಲನೇ ದಿನಾನ ಆರು ಗುಳಿಗಿ? ತಡಕೊಂಡಾಳೇನು?” ಎಂದು, ನಾಲ್ಕನ್ನು ಸೆರಗಿನ ಗಂಟಿನಲ್ಲಿಟ್ಟುಕೊಂಡು ಎರಡೇ ಕೊಟ್ಟಳು. ದಿನಕ್ಕೆರಡರಂತೆ ಕೊಡುತ್ತ ಹೋದಳು. ಜ್ವರ ಇಳಿದಂತೆ ಮಾಡಿ, ವಾರ ಕಳೆಯುವುದರೊಳಗೆ ಮತ್ತೆ ಹೊಡೆಯಿತು. ಎರಡನೆಯ ಸಲ ಅವ್ವ ನನ್ನ ಗುರುತನ್ನೂ ಹಿಡಿಯಲಿಲ್ಲ. ಎಂಟು ವರ್ಷದ ಹುಡುಗನಿಗೆ ಅದಕ್ಕಿಂತ ದೊಡ್ಡ ಭಯ ಬೇರೆ ಬೇಕೆ? ಅವ್ವ ಉಳಿದಳು. ಅಜ್ಜಿ ಮಾತ್ರ ಆ ಸೆರಗಿನ ಗಂಟಿನ ಮಾತನ್ನು ಸಾಯುವ ವರ್ಷದವರೆಗೂ ಯಾರಿಗೂ ಹೇಳಿರಲಿಲ್ಲ, ನನಗೆ ಹೇಳಿದಳು.

ಅಜ್ಜಿಯದೂ ಅನುಮಾನವೇ. ಬಡಕಲು ಮೈಗೆ ಕಡಿಮೆ ಔಷಧ ಸಾಕೆಂಬ ಅವಳ ತರ್ಕದಲ್ಲಿ ಪ್ರೀತಿಯಿತ್ತು, ಅನುಭವವಿತ್ತು. ಕ್ಲೋರೋಕ್ವಿನ್ ಎಂಥ ಪದಾರ್ಥವೆಂಬ ತಿಳಿವಳಿಕೆ ಇರಲಿಲ್ಲ. ಅವಳಿಗೆ ಗೊತ್ತಿದ್ದ ಹೊಲದ ಮಾತಿನಲ್ಲೇ ಅದನ್ನು ಹೇಳಬಹುದಿತ್ತು. ಡೋಣಿ ಸಾಲಿನ ಎರೆಭೂಮಿ ಬೇಸಗೆಯಲ್ಲಿ ಮೊಳದುದ್ದ ಬಿರುಕು ಬಿಟ್ಟಿರುತ್ತದೆ. ಮೊದಲ ಮಳೆ ಎಷ್ಟು ಸುರಿದರೂ ಹಳ್ಳ ಹರಿಯುವುದಿಲ್ಲ. ನೀರೆಲ್ಲ ಬಿರುಕಿನಲ್ಲಿ ಇಂಗಿಹೋಗುತ್ತದೆ. ಭೂಮಿಯ ದಾಹ ತೀರಿದ ಮೇಲೆ ಸಣ್ಣ ಮಳೆಗೂ ಹಳ್ಳ ತುಂಬುತ್ತದೆ. ಹಾಗೆ ಕುಡಿದ ನೀರನ್ನು ಆ ಮಣ್ಣು ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡು, ಹಿಂಗಾರಿಯ ಬಿಳಿಜೋಳಕ್ಕೆ ಮಾಗಿಯ ತನಕ ಉಣಿಸುತ್ತದೆ. ಕ್ಲೋರೋಕ್ವಿನ್ನಿಗೆ ನಮ್ಮ ಮೈ ಎರೆಭೂಮಿ. ನುಂಗಿದ್ದರಲ್ಲಿ ಬಹುಪಾಲು ಯಕೃತ್ತು ಮೊದಲಾದ ಅಂಗಾಂಗಗಳಲ್ಲಿ ಇಂಗುತ್ತದೆ, ಅಲ್ಲಿಂದ ವಾರಗಟ್ಟಲೆ ಒಸರುತ್ತದೆ. ಆ ದಾಹ ಮೊದಲು ತೀರದಿದ್ದರೆ ರೋಗ ಇರುವ ರಕ್ತದಲ್ಲಿ ಔಷಧ ಹರಿಯುವುದೇ ಇಲ್ಲ. ಮೊದಲ ದಿನದ ಆರು ಗುಳಿಗೆಯ ಗುಟ್ಟು ಇದು.

ಈ ಗುಟ್ಟು ತಿಳಿದದ್ದು ಯುದ್ಧಕಾಲದಲ್ಲಿ. 1942ರಲ್ಲಿ ಜಪಾನು ಜಾವಾ ದ್ವೀಪವನ್ನು ಹಿಡಿದು, ಸಿಂಕೋನ ತೋಟಗಳು ಕೈತಪ್ಪಿ, ಮಿತ್ರರಾಷ್ಟ್ರಗಳಿಗೆ ಕ್ವಿನೀನು ಸಿಗದಾಯಿತು. ಸೈನಿಕರಿಗೆ ಅಟೆಬ್ರಿನ್ ಎಂಬ ಹಳದಿ ಗುಳಿಗೆ ಕೊಟ್ಟರು. ಅದು ಕೆಲವು ಸಲ ಕೆಲಸ ಮಾಡುತ್ತಿತ್ತು, ಕೆಲವು ಸಲ ಇಲ್ಲ. ನ್ಯೂಯಾರ್ಕಿನ ಗೋಲ್ಡ್‌ವಾಟರ್ ಆಸ್ಪತ್ರೆಯಲ್ಲಿ ಜೇಮ್ಸ್ ಶ್ಯಾನನ್, ಬರ್ನಾರ್ಡ್ ಬ್ರೋಡಿ ಮೊದಲಾದವರು ಆಗ ಒಂದು ಹೊಸ ಕೆಲಸ ಮಾಡಿದರು. ‘ಎಷ್ಟು ಗುಳಿಗೆ ಕೊಟ್ಟೆವು’ ಎಂಬ ಪ್ರಶ್ನೆಯನ್ನು ಬಿಟ್ಟು ‘ರಕ್ತದಲ್ಲಿ ಎಷ್ಟಿದೆ’ ಎಂದು ಅಳೆದರು. ಔಷಧ ಅಂಗಾಂಗಗಳಲ್ಲಿ ಅಡಗಿಕೊಳ್ಳುವುದು ಕಂಡಿತು. ಮೊದಲು ಹೆಚ್ಚು, ಆಮೇಲೆ ಕಡಿಮೆ ಎಂಬ ಕ್ರಮ ಹುಟ್ಟಿತು. ಕ್ಲೋರೋಕ್ವಿನ್ನಿನದಂತೂ ಇನ್ನೂ ವಿಷಾದದ ಕತೆ. ಅದನ್ನು 1934ರಲ್ಲೇ ಜರ್ಮನಿಯ ಬಾಯರ್ ಕಂಪನಿಯಲ್ಲಿ ಹಾನ್ಸ್ ಆಂಡರ್ಸಾಗ್ ತಯಾರಿಸಿದ್ದ. ಮನುಷ್ಯನಿಗೆ ತೀರ ವಿಷವೆಂದು ಅನುಮಾನಿಸಿ ಮೂಲೆಗಿಟ್ಟರು. ಆ ಅನುಮಾನ ಸುಳ್ಳೆಂದು ಅಮೆರಿಕದವರು ಕಂಡುಕೊಳ್ಳುವುದಕ್ಕೆ ಹತ್ತು ವರ್ಷ ಹಿಡಿಯಿತು. ಔಷಧ ನುಂಗಿ ಸತ್ತವನ ಹೆಸರು ದಾಖಲೆಯಲ್ಲಿರುತ್ತದೆ. ಮೂಲೆಯಲ್ಲಿ ಕೂತ ಔಷಧ ಸಿಗದೆ ಆ ಹತ್ತು ವರ್ಷ ಸತ್ತವರ ಲೆಕ್ಕ ಯಾವ ಪುಸ್ತಕದಲ್ಲಿದೆ?

ಹೀಗಾಗಿ ಅನುಮಾನವನ್ನು ತೊರೆಯುವಂತಿಲ್ಲ. ಪ್ರತ್ಯಕ್ಷವನ್ನಲ್ಲದೆ ಬೇರೆ ಯಾವ ಪ್ರಮಾಣವನ್ನೂ ಒಪ್ಪದ ಚಾರ್ವಾಕನನ್ನು ಔಷಧಶಾಲೆಗೆ ಕರೆತಂದರೆ, ಅವನು ಪ್ರತಿಯೊಂದು ಚೂರ್ಣವನ್ನೂ ಮನುಷ್ಯನ ಬಾಯಿಗೇ ಹಾಕಿ ನೋಡಬೇಕಾಗುತ್ತದೆ. ಲೆಕ್ಕ ಎಷ್ಟು ಬಲವಾದರೆ ಅಷ್ಟು ಕಡಿಮೆ ಮೈಗಳು ನೋಯುತ್ತವೆ. ಒಳ್ಳೆಯ ಲೆಕ್ಕವೂ ಒಂದು ಬಗೆಯ ದಯೆಯೇ. ಇಷ್ಟು ಒಪ್ಪಿದರೂ ಕಟ್ಟಕಡೆಗೆ ಯಾರಾದರೂ ಒಬ್ಬರು ಬೆಟ್ಟ ಹತ್ತಿ ನೋಡಲೇಬೇಕು. ಆ ಒಬ್ಬರು ಯಾರು?

ಯುದ್ಧಕಾಲದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಸೆರೆಮನೆಯಲ್ಲಿ ಕೈದಿಗಳಿಗೆ ಮಲೇರಿಯ ಹತ್ತಿಸಿ ಔಷಧಗಳನ್ನು ಪರೀಕ್ಷಿಸಿದರು; ಅದು ನಿಂತದ್ದು 1974ರಲ್ಲಿ. ಕೈದಿಗಳು ರುಜು ಹಾಕಿಯೇ ಒಪ್ಪಿದ್ದರು. ನ್ಯೂರೆಂಬರ್ಗಿನಲ್ಲಿ ನಾಜಿ ವೈದ್ಯರ ವಿಚಾರಣೆ ನಡೆದಾಗ ಅವರ ಪರ ವಕೀಲರು ಇದನ್ನೇ ಎತ್ತಿ ತೋರಿಸಿದರು. ಎರಡೂ ಒಂದೇ ಎನ್ನುವುದು ಅನ್ಯಾಯ. ಆದರೆ ಬೀಗ ಹಾಕಿದ ಬಾಗಿಲಿನ ಒಳಗೆ ಬಿದ್ದ ರುಜುವಿಗೆ ಎಷ್ಟು ಬೆಲೆ ಎಂಬ ಪ್ರಶ್ನೆಯನ್ನು ತಳ್ಳಿಹಾಕುವುದೂ ಅನ್ಯಾಯವೇ. ಆ ಸೆರೆಮನೆಯಿಂದ ಬಂದ ಅರಿವಿನ ಫಲವನ್ನು ನಾವೆಲ್ಲ ಉಣ್ಣುತ್ತಿದ್ದೇವೆ. ಪ್ರೈಮಾಕ್ವಿನ್ ಕೊಟ್ಟಾಗ ಕೆಲವರಲ್ಲಿ, ಅದರಲ್ಲೂ ಆಫ್ರಿಕ ಮೂಲದ ಕೆಲವರಲ್ಲಿ, ರಕ್ತಕಣಗಳು ಒಡೆದುಹೋಗುತ್ತಿದ್ದವು. ಅವರ ರಕ್ತಕಣಗಳಲ್ಲಿ ಜಿ6ಪಿಡಿ ಎಂಬ ಕಿಣ್ವದ ಹುಟ್ಟುಕೊರತೆಯಿದೆಯೆಂದು 1956ರಲ್ಲಿ ಅಲ್ಲಿನ ಸಂಶೋಧಕರು ಕಂಡುಹಿಡಿದರು. ನಮ್ಮ ದೇಶದ ಅನೇಕ ಸಮುದಾಯಗಳಲ್ಲೂ ಆ ಕೊರತೆಯುಳ್ಳವರಿದ್ದಾರೆ. ತಾರ್ಕಿಕರು ಇದಕ್ಕೆ ಉಪಾಧಿ ಎನ್ನುತ್ತಾರೆ: ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆಂದು ಹೇಳಲಾಗದು, ಸೌದೆ ಹಸಿಯಿದ್ದರೆ ಮಾತ್ರ ಹೊಗೆ. ಹಸಿ ಸೌದೆ ಯಾವುದೆಂದು ಗೊತ್ತಾಗುವತನಕ ಎಷ್ಟೋ ಜನ ಸುಟ್ಟುಕೊಂಡಿದ್ದರು.

ಇನ್ನು ಕೆಲವರನ್ನು ದಯೆಯ ಹೆಸರಿನಲ್ಲಿ ಬೆಟ್ಟದ ಹತ್ತಿರವೇ ಬಿಡಲಿಲ್ಲ. ಬಸುರಿಯರನ್ನೂ ಎಳೆಯ ಮಕ್ಕಳನ್ನೂ ಪರೀಕ್ಷೆಗಳಿಂದ ದೂರವಿಟ್ಟರು. ಫಲವಾಗಿ ಅವರ ಮೈಯಲ್ಲಿ ಔಷಧ ಹೇಗೆ ನಡೆಯುತ್ತದೆಂಬುದು ಬಹುಕಾಲ ತಿಳಿಯಲಿಲ್ಲ. ಡೈಹೈಡ್ರೋ ಆರ್ಟೆಮಿಸಿನಿನ್ ಮತ್ತು ಪೈಪೆರಾಕ್ವಿನ್ ಜೋಡಿಯನ್ನು 25 ಕಿಲೋ ಒಳಗಿನ ಮಕ್ಕಳಿಗೆ ಕೊಡುತ್ತಿದ್ದ ಅಳತೆ ಸಾಲದೆಂದು ತಿಳಿದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಏರಿಸಿದ್ದು 2015ರಲ್ಲಿ. ಬಸುರಿನ ಮೊದಲ ಮೂರು ತಿಂಗಳಲ್ಲಿ ಆರ್ಟೆಮೆಥರ್ ಮತ್ತು ಲೂಮೆಫಾಂಟ್ರಿನ್ ಜೋಡಿಯನ್ನು ಕೊಡಬಹುದೆಂದು ಹೇಳಿದ್ದು 2022ರಲ್ಲಿ. ಅಜ್ಜಿಯ ಸೆರಗಿನ ಗಂಟು ದೊಡ್ಡ ದೊಡ್ಡವರ ಬಳಿಯೂ ಇತ್ತು.

ನಮ್ಮ ರಾಜ್ಯದಲ್ಲೇ ನಡೆದ ಒಂದು ಕೆಲಸವನ್ನು ಹೇಳಬೇಕು. ಬೆಂಗಳೂರಿನಲ್ಲಿ ಆಸ್ಟ್ರಾಜೆನೆಕಾ ಕಂಪನಿಯ ಸಂಶೋಧನಾಲಯವಿತ್ತು. ಅಲ್ಲಿನವರು ಟ್ರೈಅಮೈನೋ ಪಿರಿಮಿಡಿನ್ ಎಂಬ ಜಾತಿಯ ಹೊಸ ಮಲೇರಿಯ ಔಷಧವನ್ನು ಹುಡುಕಿದರು. ಸಂಶೋಧನಾಲಯವನ್ನು ಮುಚ್ಚುವುದೆಂದು 2014ರಲ್ಲಿ ಕಂಪನಿ ಸಾರಿತು. ಔಷಧದ ವರದಿ ಮರುವರ್ಷ ಅಚ್ಚಾಯಿತು. ಪ್ರಾಣಿಗಳ ಲೆಕ್ಕದಿಂದ ಅವರು ಮುನ್ನುಡಿದದ್ದು ಇದು: ಮನುಷ್ಯನಲ್ಲಿ ಇದರ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿದ್ದದ್ದು ಅರ್ಧಕ್ಕಿಳಿಯುವ ಕಾಲ, 36 ಗಂಟೆ, 260 ಮಿಲಿಗ್ರಾಮಿನ ಒಂದೇ ಗುಟುಕು ನಾಲ್ಕೈದು ದಿನ ರಕ್ತದಲ್ಲಿ ಕಾವಲು ನಿಂತೀತು. ಔಷಧ ಅಹಮದಾಬಾದಿನ ಝೈಡಸ್ ಕಂಪನಿಯ ಕೈಗೆ ಹೋಯಿತು. ಮನುಷ್ಯರ ಮೇಲಿನ ಮೊದಲ ಪರೀಕ್ಷೆ ಆಸ್ಟ್ರೇಲಿಯದಲ್ಲಿ ನಡೆದು, 2022ರಲ್ಲಿ ಪ್ರಕಟವಾಯಿತು. ಆರೋಗ್ಯವಂತ ಸ್ವಯಂಸೇವಕರಿಗೆ 25 ಮಿಲಿಗ್ರಾಮಿನಿಂದ ಮೊದಲುಮಾಡಿ ಮೆಟ್ಟಿಲು ಮೆಟ್ಟಿಲಾಗಿ 1500ರವರೆಗೆ ಏರಿಸಿದರು. ಆಮೇಲೆ ಇನ್ನು ಕೆಲವರಿಗೆ ಬೇಕೆಂದೇ ಮಲೇರಿಯ ಸೋಂಕಿನ ರಕ್ತಕಣಗಳನ್ನು ಚುಚ್ಚಿ, ರೋಗಾಣು ಬೆಳೆಯಲು ಬಿಟ್ಟು, ಬಳಿಕ ಈ ಔಷಧ ಕೊಟ್ಟು ಅದು ಇಳಿಯುವುದನ್ನು ನೋಡಿದರು. ಔಷಧ ಲೆಕ್ಕದ 36 ಗಂಟೆಯನ್ನು ಮೀರಿ, 50 ಗಂಟೆಗೂ ಮಿಕ್ಕ ಅರ್ಧಾಯುಷ್ಯ ತೋರಿಸಿತು. ಈ ತಪ್ಪು ಒಳ್ಳೆಯ ಕಡೆಗೆ ವಾಲಿದ ತಪ್ಪು. ಆದರೂ ತಪ್ಪೇ, ಅದು ಯಾವ ಕಡೆಗೆ ವಾಲಿದೆಯೆಂದು ಒಬ್ಬರ ಮೈಯಿಂದಲ್ಲದೆ ತಿಳಿಯುವಂತಿರಲಿಲ್ಲ.

ಬೇಕೆಂದೇ ರೋಗ ಹತ್ತಿಸುವುದೆಂದರೆ ಓದುಗರಲ್ಲಿ ಅನೇಕರಿಗೆ ಮೈ ಜುಮ್ಮೆನ್ನಬಹುದು. ನನಗೆ ಅದು ಸ್ಟೇಟ್‌ವಿಲ್ಲಿನಷ್ಟು ಕೆಟ್ಟದ್ದೆನಿಸುವುದಿಲ್ಲ. ವಾಸಿಮಾಡುವ ಔಷಧ ಪಕ್ಕದಲ್ಲಿರುತ್ತದೆ. ರೋಗಾಣುವನ್ನು ದಿನವೂ ಎಣಿಸುತ್ತಾರೆ. ಬಂದವನು ಬೇಡವೆಂದು ಎದ್ದು ಹೋಗಬಹುದು. ಆದರೆ ಎದ್ದು ಹೋಗಬಲ್ಲವನು ಯಾರು? ಫೀಸು ಕಟ್ಟಬೇಕಾದ ತಿಕೋಟಾದ ಹುಡುಗ ಎದ್ದು ಹೋಗುತ್ತಾನೆಯೆ? ಸೆರೆಮನೆಗೆ ಕಂಬಿಗಳೇ ಬೇಕೆಂದೇನಿಲ್ಲ. ಹಾಗೆಂದು, ಬಡವನಿಗೆ ಸಮ್ಮತಿಸುವ ಶಕ್ತಿಯೇ ಇಲ್ಲವೆನ್ನುವ ಹಕ್ಕು, ತಿಂಗಳ ಮೊದಲ ತಾರೀಖಿಗೆ ಸಂಬಳ ಎಣಿಸುವ ನನಗೆ ಎಲ್ಲಿಂದ ಬಂತು? ಅದೂ ಸೆರಗಿನ ಗಂಟೇ ಅಲ್ಲವೆ?

ಚೀನದ ತು ಯೂಯೂ 1972ರಲ್ಲಿ ಆರ್ಟೆಮಿಸಿನಿನ್ನಿನ ಸಾರವನ್ನು ರೋಗಿಗಳಿಗೆ ಕೊಡುವ ಮೊದಲು ತಾನೇ ಕುಡಿದಳು. ಜೊತೆಗೆ ಇಬ್ಬರು ಸಹೋದ್ಯೋಗಿಗಳು. ಅವಳಿಗೆ 2015ರಲ್ಲಿ ನೊಬೆಲ್ ಬಂತು. ಇದನ್ನು ಎಲ್ಲರೂ ಅನುಸರಿಸಲೆಂದು ನಾನು ಹೇಳುವುದಿಲ್ಲ. ವಿಜ್ಞಾನಿ ವಿಷ ಕುಡಿದ ಮಾತ್ರಕ್ಕೆ ಅವನ ಲೆಕ್ಕ ಸರಿಯಾಗುವುದಿಲ್ಲ. ಆದರೆ ಪ್ರಮಾಣಕ್ಕೆ ಇರುವ ಮೂರನೆಯ ಅರ್ಥ ಅಲ್ಲಿ ಕಾಣುತ್ತದೆ. ನಮ್ಮ ಸಮ್ಮತಿಪತ್ರಗಳಲ್ಲಿ ಆಣೆ ಮಾಡುವವನು ಒಬ್ಬನೇ, ಮೈ ಕೊಡುವವನು. ‘ನನಗೆ ಎಲ್ಲವೂ ತಿಳಿದಿದೆ’ ಎಂದು ಅವನಿಂದ ರುಜು ಪಡೆಯುತ್ತಾರೆ. ‘ನಮಗೆ ಇಷ್ಟು ತಿಳಿದಿದೆ, ಇಷ್ಟು ತಿಳಿಯದು, ಉಳಿದದ್ದು ನಮ್ಮ ಅನುಮಾನ’ ಎಂದು ಕರ್ತರಿ ಪ್ರಯೋಗದಲ್ಲಿ, ಅದೇ ಪುಟದಲ್ಲಿ, ಎದುರಿನವರು ಏಕೆ ಬರೆಯಬಾರದು?

ಅಂದು ಸಂಜೆ ಹುಡುಗನನ್ನು ಕೂಡಿಸಿಕೊಂಡು ಆರೂ ಪುಟ ಓದಿ, ತಿಳಿದಷ್ಟನ್ನು ತಿಳಿಯ ಹೇಳಿದೆ. ಔಷಧ ಹಳೆಯದು, ಅದರ ಗುಣದೋಷ ಬಲ್ಲವರು ಬಹಳ, ಅಪಾಯ ದೊಡ್ಡದಲ್ಲ ಎಂದೆ. ಅವನು ಕೇಳಿದ: “ನೀವಾಗಿದ್ರ ಸಹಿ ಮಾಡ್ತಿದ್ರೇನ್ರಿ?”

ಮಾಡುತ್ತಿರಲಿಲ್ಲ. ಅಪಾಯಕ್ಕೆ ಹೆದರಿ ಅಲ್ಲ. ನನಗೆ ಹಣದ ಗರಜು ಇರಲಿಲ್ಲ, ಅಷ್ಟೆ. ಅವ್ವನ ಆರು ಗುಳಿಗೆಯ ಹಿಂದೆ ಎಷ್ಟು ಜನರ ತೋಳಿನ ರಕ್ತವಿದೆಯೆಂದು ಲೆಕ್ಕ ಹಾಕಬಲ್ಲ ನಾನು, ನನ್ನ ತೋಳನ್ನು ಚಾಚುವ ಮಾತು ಬಂದಾಗ ಕನ್ನಡಕ ಒರೆಸಿಕೊಂಡೆ. ಅವನು ಮತ್ತೆ ಕೇಳಲಿಲ್ಲ.

ಮಾತು ಬದಲಿಸಲು ಕೈಗೆ ಪೆನ್ಸಿಲ್ ತೆಗೆದುಕೊಂಡು, ‘ಭಾವಿಸಲಾಗಿದೆ’ ಎಂಬುದರ ಮೇಲೆ ಗೆರೆ ಎಳೆದು, ‘ನಾವು ಅನುಮಾನಿಸಿದ್ದೇವೆ’ ಎಂದು ಬರೆದೆ. ನಾಲ್ಕು ಕಡೆ ಹಾಗೆ ತಿದ್ದಿದೆ. ಅವನು ಬಾಗಿ ನೋಡಿದ.

“ಛಲೋ ಆತ್ರಿ ಸರ, ಈಗ ತಿಳಿತು” ಎಂದ. ಆಮೇಲೆ ಸ್ವಲ್ಪ ತಡೆದು, “ಆದ್ರ ತಿದ್ದಿದ್ದ ಹಾಳಿ ಅವರು ತಗೊಳ್ಳೂದಿಲ್ರಿ. ರಬ್ಬರ್ ಐತೇನ್ರಿ?”

ಮೇಜಿನ ಖಾನೆಯಲ್ಲಿತ್ತು. ಕೊಟ್ಟೆ. ಕಾಗದ ಹರಿಯದಂತೆ, ನಾಲ್ಕು ಕಡೆಯೂ ನಿಧಾನವಾಗಿ ಉಜ್ಜಿ, ಪುಡಿಯನ್ನು ಊದಿ, ರಬ್ಬರನ್ನು ನನ್ನ ಕೈಗೆ ತಿರುಗಿ ಕೊಟ್ಟು, ರಾತ್ರಿಯ ಬಸ್ಸಿಗೆ ಹೊತ್ತಾಯಿತೆಂದು ಎದ್ದ.